ಶಾರ್ಕ್ ಕೆಟ್ಟ ಕತೆ ಹೇಳ್ತೀವಿ, ಸ್ಟುಡಿಯೋ ಸುಟ್ಟ ಕತೆ ಯಾಕೆ ಹೇಳಲ್ಲ?

ಕಳೆದ ತಿಂಗಳು ನಮ್ಮ ಕನ್ನಡ ಸಂಘದ 'ಶನಿವಾರದ ಸಿನಿಮಾ'ದಲ್ಲಿ 'ಜಾಸ್' ಹಾಕಿದ್ದೆವು. "ಕನ್ನಡ ಸಂಘಕ್ಕೂ ಇಂಗ್ಲಿಷ್ ಶಾರ್ಕಿಗೂ ಏನ್ರೋ ಸಂಬಂಧ?" ಅಂತ ಸೀನಿಯರ್ಸ್ ಕಾಲೆಳೆದರು. ಆದರೂ ಸೆಮಿನಾರ್ ಹಾಲ್ ತುಂಬಿತ್ತು. ಸಿನಿಮಾ ಮುಗಿದ ಮೇಲೆ ಕನ್ನಡದಲ್ಲೇ ಚರ್ಚೆ ಮಾಡೋದು ನಮ್ಮ ಪದ್ಧತಿ. ಅವತ್ತಿನ ಚರ್ಚೆ ಸಿನಿಮಾ ಬಗ್ಗೆ ಕಡಿಮೆ, ಅದನ್ನು ತೆಗೆದ ಕತೆಯ ಬಗ್ಗೆ ಜಾಸ್ತಿ ಆಯಿತು.

ಆ ಕತೆ ಇಂಜಿನಿಯರಿಂಗ್ ಓದುವವರಿಗೆ ಹೇಳಿ ಮಾಡಿಸಿದ ಹಾಗಿದೆ. 1974ರಲ್ಲಿ ಸ್ಪೀಲ್‌ಬರ್ಗ್‌ಗೆ 27 ವರ್ಷ. ಕಡಲ ಸಿನಿಮಾವನ್ನು ಕಡಲಲ್ಲೇ ತೆಗೆಯಬೇಕು ಅಂತ ಹಟ ಹಿಡಿದು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಹೋದರು. ಗಾಳಿಯ ಒತ್ತಡದಿಂದ ಆಡುವ ಮೂರು ಯಾಂತ್ರಿಕ ಶಾರ್ಕ್‌ಗಳನ್ನು ಮಾಡಿಸಿದ್ದರು. ಅವಕ್ಕೆಲ್ಲ ಸೇರಿ ಇಟ್ಟ ಅಡ್ಡಹೆಸರು 'ಬ್ರೂಸ್', ಅದು ಸ್ಪೀಲ್‌ಬರ್ಗ್ ಅವರ ವಕೀಲರ ಹೆಸರು! ಆದರೆ ಆ ಶಾರ್ಕ್‌ಗಳನ್ನು ಸಮುದ್ರದ ನೀರಿನಲ್ಲಿ ಪರೀಕ್ಷಿಸಿಯೇ ಇರಲಿಲ್ಲ. ಉಪ್ಪುನೀರು ತಾಗಿದ್ದೇ ತಡ, ಒಂದೊಂದೇ ಭಾಗ ಕೈಕೊಟ್ಟಿತು. ಒಂದು ಶಾರ್ಕ್ ನೇರ ತಳಕ್ಕೆ ಹೋಯಿತು. 55 ದಿನಕ್ಕೆ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ಎಳೆಯಿತು. ಸುಮಾರು 40 ಲಕ್ಷ ಡಾಲರ್ ಅಂದುಕೊಂಡ ಖರ್ಚು 90 ಲಕ್ಷ ಆಯಿತು. ಯೂನಿಟ್‌ನವರೇ ಸಿನಿಮಾದ ಹೆಸರನ್ನು ತಿರುಚಿ 'ಫ್ಲಾಸ್' ಅಂತ ಕರೆಯುತ್ತಿದ್ದರಂತೆ.

ಮುಂದಿನದು ಎಲ್ಲರಿಗೂ ಗೊತ್ತು. ತೋರಿಸೋಕೆ ಶಾರ್ಕ್ ಇಲ್ಲ, ಹಾಗಾಗಿ ತೋರಿಸದೇ ಹೆದರಿಸಿದರು. ನೀರಿನ ಮೇಲೆ ತೇಲುವ ಹಳದಿ ಪೀಪಾಯಿಗಳು, ಜಾನ್ ವಿಲಿಯಮ್ಸ್ ಅವರ ಎರಡೇ ಎರಡು ಸ್ವರ, ವರ್ನಾ ಫೀಲ್ಡ್ಸ್ ಅವರ ಸಂಕಲನ. ಶಾರ್ಕ್ ಪೂರ್ತಿಯಾಗಿ ಮುಖ ತೋರಿಸುವ ಹೊತ್ತಿಗೆ ಸಿನಿಮಾ ಶುರುವಾಗಿ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿರುತ್ತದೆ. 1975ರ ಜೂನ್ 20ಕ್ಕೆ ಬಿಡುಗಡೆ, ಆಮೇಲೆ ಚರಿತ್ರೆ. "ಶಾರ್ಕ್ ಕೆಟ್ಟಿದ್ದೇ ಒಳ್ಳೇದಾಯ್ತು ಗುರು" ಅನ್ನೋದು ಅವತ್ತಿನ ಚರ್ಚೆಯ ತೀರ್ಮಾನ. ಎಲ್ಲರೂ ಚಪ್ಪಾಳೆ ಹೊಡೆದೆವು.

ಅದೇ ವರ್ಷ, ಎರಡೇ ತಿಂಗಳಿಗೆ, ಆಗಸ್ಟ್ 15ರಂದು ನಮ್ಮ 'ಶೋಲೆ' ಬಂತು. ನಮ್ಮ ಅಂದರೆ ನಿಜವಾಗಿಯೂ ನಮ್ಮದೇ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಕಾಣುವ ರಾಮನಗರದ ಬಂಡೆಗಳೇ ಗಬ್ಬರ್ ಸಿಂಗನ ಸಾಮ್ರಾಜ್ಯ. 1973ರ ಅಕ್ಟೋಬರ್‌ನಲ್ಲಿ ಅಲ್ಲೊಂದು ಇಡೀ ಹಳ್ಳಿಯ ಸೆಟ್ ಹಾಕಿ ಶುರು ಮಾಡಿದ ಸಿನಿಮಾ ಮುಗಿಯೋಕೆ ಎರಡು ವರ್ಷದ ಹತ್ತಿರ ಹತ್ತಿರ ಹಿಡಿಯಿತು. ಜಯಾ ಬಚ್ಚನ್ ಸಂಜೆ ದೀಪ ಹಚ್ಚುವ ಆ ಪುಟ್ಟ ದೃಶ್ಯವಿದೆಯಲ್ಲ, ಬೇಕಾದ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿದ್ದದ್ದರಿಂದ ಅದಕ್ಕೆ ಸುಮಾರು 20 ದಿನ ಹೋಯಿತು. ಪನ್ವೇಲ್ ಹತ್ತಿರ ತೆಗೆದ ರೈಲು ದರೋಡೆಗೆ ಏಳು ವಾರ. ಕೊನೆಗೆ ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಮಂಡಳಿ, ಠಾಕೂರ್ ಗಬ್ಬರನನ್ನು ಕೊಲ್ಲುವ ಹಾಗಿಲ್ಲ, ಪೊಲೀಸರಿಗೆ ಒಪ್ಪಿಸಬೇಕು ಅಂದಿತು. ಅಂತ್ಯವನ್ನೇ ಮತ್ತೆ ತೆಗೆದರು. ಇಷ್ಟೆಲ್ಲ ಕಷ್ಟಪಟ್ಟದ್ದಕ್ಕೇ ಶೋಲೆ ಶೋಲೆ ಆಯಿತು ಅಂತ ಹೇಳುವವರು ಬೇಕಾದಷ್ಟು ಜನ.

ಈ ಎರಡು ಕತೆ ಹೇಳಿ ಮುಗಿಸಿ, ಚಹಾ ಕುಡಿಯುತ್ತಾ ನಿಂತಿದ್ದಾಗ ನಮ್ಮಲ್ಲೊಬ್ಬಳು, ಪಡುವಾರಹಳ್ಳಿಯವಳು, ಕೇಳಿದಳು: "ಸರಿ, ಎಲ್ಲೋ ಅಮೆರಿಕದಲ್ಲಿ ಶಾರ್ಕ್ ಕೆಟ್ಟದ್ದು ನಮಗೆಲ್ಲ ಬಾಯಿಪಾಠ. ನಮ್ಮೂರಲ್ಲೇ ಆಗಿದ್ದು ಎಷ್ಟು ಜನಕ್ಕೆ ಗೊತ್ತು? ನಮ್ಮಜ್ಜಿ ಇವತ್ತಿಗೂ ಮನೇಲಿ ಏನಾದ್ರೂ ಸುಟ್ಟ ವಾಸನೆ ಬಂದ್ರೆ ಸ್ಟುಡಿಯೋ ಬೆಂಕಿ ಮಾತೆತ್ತುತ್ತಾರೆ."

ಹದಿನಾಲ್ಕು ಜನ ನಿಂತಿದ್ದೆವು. ಗೊತ್ತಿದ್ದದ್ದು ಮೂವರಿಗೆ. ಆ ನಾಚಿಕೆಗೇ ಈ ಲೇಖನ ಬರೆಯುತ್ತಿದ್ದೇವೆ.

ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು. ಎಂ.ಎನ್. ಬಸವರಾಜಯ್ಯನವರು ಕಟ್ಟಿ ಬೆಳೆಸಿದ್ದು. ಕನ್ನಡ ಸಿನಿಮಾ ಇನ್ನೂ ಮದರಾಸಿನ ಕಡೆ ಮುಖ ಮಾಡಿ ನಿಂತಿದ್ದ ಕಾಲದಲ್ಲಿ, ನಮ್ಮ ನೆಲದಲ್ಲೇ ಒಳಾಂಗಣ ಚಿತ್ರೀಕರಣಕ್ಕೆ ಜಾಗ ಕೊಟ್ಟ ಸ್ಟುಡಿಯೋ ಅದು. ರಾಜ್‌ಕುಮಾರ್ ಕಾಲದ ಎಷ್ಟೋ ಕಪ್ಪು-ಬಿಳುಪು ಸಿನಿಮಾಗಳಲ್ಲಿ ನಾವು ನೋಡುವ ಅರಮನೆ, ಮನೆ, ಅಂಗಳಗಳು ಆ ಗೋಡೆಗಳ ಒಳಗೆ ಹುಟ್ಟಿದವು.

1989ರ ಫೆಬ್ರವರಿ 8. ದೂರದರ್ಶನಕ್ಕಾಗಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ಅಲ್ಲಿ ನಡೆಯುತ್ತಿತ್ತು. ಭಗವಾನ್ ಗಿಡ್ವಾನಿ ಅವರ ಕಾದಂಬರಿ ಆಧರಿಸಿದ್ದು. ಸಂಜಯ್ ಖಾನ್ ನಟರೂ ಹೌದು, ನಿರ್ದೇಶಕರೂ ಹೌದು. ಬೆಂಕಿ ಹೊತ್ತಿತು. 62 ಜನ ಸತ್ತರು. ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು 13 ತಿಂಗಳು ಆಸ್ಪತ್ರೆಯಲ್ಲಿದ್ದರು, 70ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರೇ ಮರಳಿ ಬಂದು ಧಾರಾವಾಹಿ ಮುಗಿಸಿದರು. 1990ರಲ್ಲಿ ಅದು ಪ್ರಸಾರವಾಯಿತು, ದೇಶವೆಲ್ಲ ನೋಡಿತು.

ನಾವು ಹೇಳೋಕೆ ಹೊರಟಿರುವ ಮಾತು ಇಷ್ಟೇ. 'ಕಷ್ಟದಲ್ಲೇ ಕಲೆ ಅರಳುತ್ತದೆ' ಅನ್ನುವ ಕತೆಯನ್ನು ನಾವು ತುಂಬಾ ಸಲೀಸಾಗಿ ನಂಬುತ್ತಿದ್ದೇವೆ. ಅದು ಅರ್ಧ ಸುಳ್ಳು. ಆ ಅರ್ಧ ಸುಳ್ಳಿಗೆ ಸಿನಿಮಾ ಮಂದಿ ಮಾತ್ರ ಅಲ್ಲ, ಕಾಲೇಜು ಫೆಸ್ಟಿನಲ್ಲಿ ವೇದಿಕೆ ಕಟ್ಟುವ ನಾವೂ ಬೆಲೆ ಕೊಡಬೇಕಾಗಬಹುದು.

ಯಾಕೆ ಅರ್ಧ ಸುಳ್ಳು? ಚಿತ್ರೀಕರಣದ ಕಷ್ಟಗಳಲ್ಲಿ ಎರಡು ಜಾತಿ. ಒಂದು, ದುಡ್ಡನ್ನೂ ದಿನವನ್ನೂ ತಿನ್ನುವ ಕಷ್ಟ. ಶಾರ್ಕ್ ಕೆಟ್ಟದ್ದು, ರಾಮನಗರದಲ್ಲಿ ಬೆಳಕು ಸಿಗದೇ ಹೋದದ್ದು ಈ ಜಾತಿ. ಇಂಥ ಕಷ್ಟ ಬಂದಾಗ ಕೆಲಸ ನಿಲ್ಲುತ್ತದೆ, ನಿಂತಾಗ ಜನ ಯೋಚಿಸುತ್ತಾರೆ, ಯೋಚಿಸಿದ್ದರಿಂದ ಹೊಸದು ಹೊಳೆಯುತ್ತದೆ. ಇಲ್ಲಿ ಒಳ್ಳೆಯದನ್ನು ಮಾಡಿದ್ದು ಕಷ್ಟವಲ್ಲ, ಸಿಕ್ಕ ಸಮಯ. 159 ದಿನ ಕೊಟ್ಟರು, ಸಿನಿಮಾ ಸಿಕ್ಕಿತು. ಇನ್ನೊಂದು ಜಾತಿ, ಮನುಷ್ಯರನ್ನು ತಿನ್ನುವ ಕಷ್ಟ. ಅಲ್ಲಿ ನಿಂತು ಯೋಚಿಸೋಕೆ ಸಮಯವೇ ಸಿಗಲ್ಲ. ಪ್ರೀಮಿಯರ್ ಸ್ಟುಡಿಯೋ ಬೆಂಕಿಯಿಂದ ಯಾವ ಕಲೆಯೂ ಅರಳಲಿಲ್ಲ.

ಎರಡನ್ನೂ 'ಮೇಕಿಂಗ್ ಕತೆ' ಅನ್ನುವ ಒಂದೇ ಡಬ್ಬಿಗೆ ಹಾಕಿದರೆ ಏನಾಗುತ್ತೆ? ಎರಡನೆಯ ಜಾತಿಯ ಅಪಾಯಗಳೂ ತಮಾಷೆಯಾಗಿ ಕಾಣಲು ಶುರುವಾಗುತ್ತವೆ. 'ಜಾಸ್' ಚಿತ್ರೀಕರಣದಲ್ಲಿ ಆರ್ಕಾ ದೋಣಿ ನಟರನ್ನು ಹೊತ್ತುಕೊಂಡೇ ಮುಳುಗಿತ್ತು. ಎಲ್ಲರೂ ಬದುಕಿದ್ದರಿಂದ ಅದು ಈಗ ನಗುವ ಪ್ರಸಂಗ. 'ಶೋಲೆ'ಯಲ್ಲಿ ಧರ್ಮೇಂದ್ರ ಹಾರಿಸಿದ ನಿಜವಾದ ಗುಂಡು ತಮ್ಮ ಕಿವಿಯ ಪಕ್ಕದಲ್ಲೇ ಹೋಯಿತು ಅಂತ ಅಮಿತಾಬ್ ಬಚ್ಚನ್ ಟೀವಿಯಲ್ಲಿ ನಗುನಗುತ್ತಾ ಹೇಳಿದ್ದಾರೆ. ಗುಂಡು ಒಂದೆರಡು ಇಂಚು ಈಚೆ ಬಂದಿದ್ದರೆ ಅದು ನಗುವ ಕತೆ ಆಗುತ್ತಿರಲಿಲ್ಲ. ಇಂಡಸ್ಟ್ರಿಯಲ್ ಸೇಫ್ಟಿ ಪಾಠದಲ್ಲಿ ಇದಕ್ಕೆ 'ನಿಯರ್ ಮಿಸ್' ಅಂತಾರೆ: ಸ್ವಲ್ಪದರಲ್ಲಿ ತಪ್ಪಿದ್ದು. ಕಾರ್ಖಾನೆಯಲ್ಲಿ ಅದನ್ನು ವರದಿ ಮಾಡಬೇಕು, ಕಾರಣ ಹುಡುಕಬೇಕು. ಸಿನಿಮಾದಲ್ಲಿ ಅದನ್ನು ಸಂದರ್ಶನದಲ್ಲಿ ಹೇಳಿ ನಗಿಸುತ್ತಾರೆ. ಬದುಕಿದವರು ಮಾತ್ರ ಕತೆ ಹೇಳುತ್ತಾರೆ, ಹಾಗಾಗಿ ನಮ್ಮ ಕಿವಿಗೆ ಬೀಳುವ ಕತೆಗಳೆಲ್ಲ ಸುಖಾಂತ್ಯ.

ಈಗ ಪ್ರೀಮಿಯರ್ ಸ್ಟುಡಿಯೋದಲ್ಲಿ ಏನಾಯಿತು ಅನ್ನೋದನ್ನು ನಮ್ಮ ಸಿಲಬಸ್ ಭಾಷೆಯಲ್ಲಿ ನೋಡೋಣ. ವರದಿಯಾದ ಕಾರಣಗಳು ನಾಲ್ಕು. ಸಡಿಲವಾಗಿದ್ದ ವೈರಿಂಗ್. ಗಾಳಿಯಾಡಲು ವ್ಯವಸ್ಥೆ ಇಲ್ಲದ್ದು. ಗೋಡೆಗಳಿಗೆ ಬೆಂಕಿ ತಡೆಯುವ ವಸ್ತುವಿನ ಬದಲು ಗೋಣಿತಾಟು. ದೊಡ್ಡ ದೊಡ್ಡ ದೀಪಗಳ ಕಾವು. ಒಂದೊಂದನ್ನೇ ತೆಗೆದುಕೊಂಡರೆ ಯಾವುದೂ ರಾಕೆಟ್ ಸೈನ್ಸ್ ಅಲ್ಲ.

ಸಡಿಲ ವೈರಿಂಗ್ ಅಂದರೆ ಏನು ಅಂತ ಲೆಕ್ಕ ಹಾಕಿ. 5 ಕಿಲೋವ್ಯಾಟ್‌ನ ಒಂದು ಸ್ಟುಡಿಯೋ ದೀಪ 230 ವೋಲ್ಟ್‌ನಲ್ಲಿ ಸುಮಾರು 22 ಆಂಪಿಯರ್ ಎಳೆಯುತ್ತದೆ. ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿ ಅಲ್ಲಿ ಬರೀ 0.1 ಓಮ್ ಪ್ರತಿರೋಧ ಹುಟ್ಟಿತು ಅಂದುಕೊಳ್ಳಿ. ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿ: ಆ ಒಂದು ಚುಕ್ಕೆಯಲ್ಲಿ 47 ವ್ಯಾಟ್‌ನಷ್ಟು ಶಾಖ. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟ್. ಅಂದರೆ ಎರಡು ಕಾದ ಸೋಲ್ಡರಿಂಗ್ ಐರನ್‌ಗಳನ್ನು ಬಟ್ಟೆಯ ಹಿಂದೆ ಮರೆತು ಬಂದ ಹಾಗೆ. ಭಯಂಕರವಾದ ವಿಷಯ ಏನಪ್ಪ ಅಂದರೆ, ಇದಕ್ಕೆ ಫ್ಯೂಸ್ ಹೋಗಲ್ಲ, ಎಂಸಿಬಿ ಬೀಳಲ್ಲ. ಯಾಕಂದರೆ ಕರೆಂಟ್ ಮಿತಿ ಮೀರಿಯೇ ಇಲ್ಲ! ಎಲ್ಲಾ ಸರಿ ಇದೆ ಅಂತ ಬೋರ್ಡ್ ಹೇಳುತ್ತಿರುತ್ತದೆ, ಗೋಡೆಯೊಳಗೆ ಕೆಂಡ ಕಾಯುತ್ತಿರುತ್ತದೆ.

ದೀಪಗಳ ಲೆಕ್ಕ ಇನ್ನೂ ಸುಲಭ. ಆ ಕಾಲದ ಟಂಗ್‌ಸ್ಟನ್ ದೀಪಗಳು ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಶಾಖವಾಗಿಯೇ ಉಗುಳುತ್ತವೆ. ಉದಾಹರಣೆಗೆ ಅಂಥ 5 ಕಿಲೋವ್ಯಾಟ್‌ನ 20 ದೀಪ ಹಚ್ಚಿದರೆ 100 ಕಿಲೋವ್ಯಾಟ್. ನಮ್ಮ ಹಾಸ್ಟೆಲ್‌ನ 2 ಕಿಲೋವ್ಯಾಟ್ ಗೀಸರ್‌ಗಳನ್ನು ಐವತ್ತು ತಂದು ಒಂದೇ ಮುಚ್ಚಿದ ಕೋಣೆಯಲ್ಲಿ ಹಾಕಿದಷ್ಟು. ಪ್ರೀಮಿಯರ್ ಸ್ಟುಡಿಯೋದಲ್ಲಿ ಉಷ್ಣತೆ 120 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಂತ ಬರೆದಿರುವುದನ್ನು ಓದಿದಾಗ ನಮ್ಮ ಮೆಕ್ಯಾನಿಕಲ್ ಹುಡುಗರು, ಜನ ನಿಂತ ಜಾಗದಲ್ಲಿ ಅಷ್ಟಿದ್ದರೆ ನಿಲ್ಲೋಕೇ ಆಗಲ್ಲ ಅಂದರು. ನಿಜ. ಆದರೆ ದೀಪಗಳ ಆಸುಪಾಸಿನಲ್ಲಿ, ಚಾವಣಿಯ ಕೆಳಗೆ ಆ ಕಾವು ಅಸಾಧ್ಯವೇನಲ್ಲ. ಬಿಸಿಗಾಳಿ ಮೇಲಕ್ಕೇರುತ್ತದೆ, ಹೊರಹೋಗಲು ದಾರಿ ಇಲ್ಲದಿದ್ದರೆ ಅಲ್ಲೇ ಕೂರುತ್ತದೆ. ಕೆಳಗೆ ನಿಂತವರು ಬೆವರು ಒರೆಸಿಕೊಳ್ಳುತ್ತಾರೆ, ಅಷ್ಟೆ.

ಇನ್ನು ಗೋಣಿತಾಟು. ಸದ್ದು ಗೋಡೆಗೆ ಬಡಿದು ವಾಪಸ್ ಬರದಿರಲಿ ಅಂತ ಹೊಡೆಯುವ ಅಗ್ಗದ ಉಪಾಯ. ಸದ್ದು ಹೀರುತ್ತದೆ, ಒಪ್ಪಿದೆವು. ಆದರೆ ಒಣಗಿದ ಸೆಣಬು ಅಂದರೆ ಒಲೆಗೆ ಹಾಕುವ ಪುರಳೆಗಿಂತ ಬೇಗ ಹತ್ತಿಕೊಳ್ಳುವ ವಸ್ತು. ಬೆಂಕಿಗೆ ಬೇಕಾದ್ದು ಮೂರೇ: ಉರಿಯುವ ಪದಾರ್ಥ, ಕಾವು, ಆಮ್ಲಜನಕ. ಮೂರನ್ನೂ ಒಂದೇ ಕೋಣೆಯಲ್ಲಿ ಕೂರಿಸಿಟ್ಟ ಮೇಲೆ ಅದಕ್ಕೆ ಬೇಕಿದ್ದದ್ದು ಕಿಡಿ ಮಾತ್ರ. ಇದನ್ನು 'ವಿಧಿ' ಅಂತ ಕರೆಯೋಕೆ ನಮಗೆ ಮನಸ್ಸು ಬರಲ್ಲ. ವಿಧಿ ಅಂದ ತಕ್ಷಣ ಯಾರೂ ಉತ್ತರ ಕೊಡಬೇಕಾಗಿಲ್ಲ, ಯಾರೂ ಪಾಠ ಕಲಿಯಬೇಕಾಗಿಲ್ಲ.

ಪಾಠ ಕಲಿತಿಲ್ಲ ಅನ್ನೋಕೆ ದೂರ ಹೋಗಬೇಕಿಲ್ಲ. ಇದಕ್ಕೆ ಸರಿಯಾಗಿ ಎಂಟು ವರ್ಷ ಹಿಂದೆ, 1981ರ ಫೆಬ್ರವರಿ 7ರಂದು, ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತಿದ್ದರು. ಎಂಟು ವರ್ಷದ ನಂತರ, 1997ರ ಜೂನ್ 13ರಂದು, ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ. ಇನ್ನು ತೀರ ಇತ್ತೀಚೆಗೆ, 2016ರ ನವೆಂಬರ್ 7ರಂದು, 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಅನಿಲ್ ಮತ್ತು ಉದಯ್ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದರು, ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ, ಮೇಲೆ ಬರಲಿಲ್ಲ. ಆ ವೀಡಿಯೋವನ್ನು ನಾವೆಲ್ಲ ಶಾಲೆಯಲ್ಲಿದ್ದಾಗ ಮೊಬೈಲ್‌ನಲ್ಲಿ ನೋಡಿದ್ದೆವು, ಫಾರ್ವರ್ಡ್ ಕೂಡ ಮಾಡಿದ್ದೆವು. ಈಗ ನೆನೆದರೆ ಸಂಕಟವಾಗುತ್ತದೆ. ಹಾರುವ ಮುಂಚೆ ತಡೆದು "ಜಾಕೆಟ್ ಎಲ್ಲಿ?" ಅಂತ ಕೇಳುವ ಒಬ್ಬರು ಬೇಕಾಗಿತ್ತು.

ಇಷ್ಟು ದೊಡ್ಡ ಮಾತಾಡುವ ನಾವೇನು ಸಾಚಾನಾ? ಅದನ್ನೂ ಹೇಳಿಬಿಡುತ್ತೇವೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘ ಹತ್ತು ನಿಮಿಷದ ಥ್ರಿಲ್ಲರ್ ಕಿರುಚಿತ್ರ ತೆಗೆಯಿತು. ರಾತ್ರಿ ದೃಶ್ಯ ಬೇಕಿತ್ತು, ಹಗಲೇ ತೆಗೆಯಬೇಕಿತ್ತು. ಒಂದು ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದೆವು. ಮಧ್ಯೆ ಯಾರೂ ನುಗ್ಗದಿರಲಿ ಅಂತ ಎರಡು ಬಾಗಿಲಿನಲ್ಲಿ ಒಂದಕ್ಕೆ ಬೀಗ, ಇನ್ನೊಂದಕ್ಕೆ ಬೆಂಚು ಅಡ್ಡ. ಬಾಡಿಗೆಗೆ ತಂದ 1000 ವ್ಯಾಟ್‌ನ ಎರಡು ಹ್ಯಾಲೊಜೆನ್ ದೀಪಗಳನ್ನು ಒಂದೇ 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದೆವು. 2000 ವ್ಯಾಟ್ ಭಾಗಿಸು 230 ವೋಲ್ಟ್, ಹೆಚ್ಚೂಕಡಿಮೆ 8.7 ಆಂಪಿಯರ್. ಮೊದಲನೇ ಸೆಮಿಸ್ಟರಿನ ಲೆಕ್ಕ. ಮೂರು ಜನ ಎಲೆಕ್ಟ್ರಿಕಲ್‌ನವರೇ ಇದ್ದೆವು, ಒಬ್ಬರೂ ಹಾಕಲಿಲ್ಲ. ಮೂರನೇ ಟೇಕಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಪ್ಲಗ್ ಕರಗಿ ಬಾಕ್ಸಿಗೆ ಅಂಟಿಕೊಂಡಿತ್ತು, ಪಕ್ಕದಲ್ಲೇ ಕಪ್ಪು ಬಟ್ಟೆಯ ಅಂಚು ನೇತಾಡುತ್ತಿತ್ತು. ಯಾರೋ ಸ್ವಿಚ್ ಆಫ್ ಮಾಡಿದರು. ಹದಿನೆಂಟು ಜನ ಇದ್ದೆವು ಒಳಗೆ.

ಆಮೇಲೆ ನಾವೇನು ಮಾಡಿದೆವು ಗೊತ್ತಾ? ಕರಗಿದ ಪ್ಲಗ್ ಕೈಯಲ್ಲಿ ಹಿಡಿದು ನಗುತ್ತಾ ರೀಲ್ ಮಾಡಿದೆವು. 'ಸಿನಿಮಾ ಮಾಡೋದು ಸುಲಭ ಅಲ್ಲ' ಅಂತ ಅಡಿಬರಹ. ನಮ್ಮ ಕಿರುಚಿತ್ರಕ್ಕಿಂತ ಆ ರೀಲಿಗೇ ಲೈಕ್ ಜಾಸ್ತಿ ಬಂತು. ಈ ಲೇಖನ ಬರೆಯಲು ಕೂತ ದಿನ ಅದನ್ನು ಅಳಿಸಿದೆವು. ಅಳಿಸಿದ್ದು ಸರಿಯೋ, ತಪ್ಪೊಪ್ಪಿಗೆಯ ಜೊತೆ ಹಾಗೇ ಬಿಡಬೇಕಿತ್ತೋ ಅನ್ನುವ ಜಗಳ ಸಂಘದಲ್ಲಿ ಇನ್ನೂ ಮುಗಿದಿಲ್ಲ.

"ದುಡ್ಡಿಲ್ಲದವರು ಸುರಕ್ಷತೆ ಎಲ್ಲಿಂದ ತರೋದು? ಶೋಲೆಯವರು ಬ್ರಿಟನ್ನಿನಿಂದ ಸಾಹಸ ತಂತ್ರಜ್ಞರನ್ನೇ ಕರೆಸಿದ್ದರು, ನಮಗಾಗುತ್ತಾ?" ಅನ್ನುವ ಪ್ರಶ್ನೆ ನಮ್ಮೊಳಗೇ ಬಂತು. ನ್ಯಾಯವಾದ ಪ್ರಶ್ನೆ. ಚಿಕ್ಕ ಬಜೆಟ್ಟಿನ ಕನ್ನಡ ಸಿನಿಮಾದವರೂ ಇದನ್ನೇ ಕೇಳುತ್ತಾರೆ. ಆದರೆ ನಮ್ಮ ಕರಗಿದ ಪ್ಲಗ್‌ನ ಪ್ರಕರಣದಲ್ಲಿ ಬೇಕಾಗಿದ್ದದ್ದು ಏನು? ಬೀಗ ತೆಗೆದ ಬಾಗಿಲು: ಖರ್ಚಿಲ್ಲ. ಅಡ್ಡ ಇಡದ ಬೆಂಚು: ಖರ್ಚಿಲ್ಲ. ಎರಡು ದೀಪಕ್ಕೆ 16 ಆಂಪಿಯರ್‌ನ ಎರಡು ಬೇರೆ ಬೇರೆ ಪಾಯಿಂಟ್: ಪಕ್ಕದ ಗೋಡೆಯಲ್ಲೇ ಇದ್ದವು. ಎರಡು ಬಕೆಟ್ ಮರಳು: ಸಿವಿಲ್ ಲ್ಯಾಬಿನ ಹಿಂದೆ ಗುಡ್ಡೆಯೇ ಇದೆ. ಮೇನ್ ಸ್ವಿಚ್ ಪಕ್ಕ ಒಬ್ಬ ಮನುಷ್ಯ: ನಟನೆ ಬರದ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಕೊರತೆ ಇದ್ದದ್ದು ದುಡ್ಡಿಗಲ್ಲ, "ಒಂದ್ನಿಮಿಷ ನಿಲ್ಸಿ" ಅಂತ ಹೇಳುವ ಬಾಯಿಗೆ. ಆ ಬಾಯಿ ತೆರೆದವನನ್ನು ನಾವೇ 'ಪುಕ್ಕಲ' ಅಂತ ಆಡಿಕೊಳ್ಳುತ್ತೇವೆ.

ಅದಕ್ಕೇ ಸಂಘದಲ್ಲಿ ಕೂತು ಒಂದು ನಿಯಮ ಮಾಡಿಕೊಂಡಿದ್ದೇವೆ. ಇನ್ನು ಮುಂದೆ ನಮ್ಮ ಯಾವುದೇ ಚಿತ್ರೀಕರಣಕ್ಕೆ, ನಾಟಕಕ್ಕೆ, ಫೆಸ್ಟಿನ ವೇದಿಕೆಗೆ ನಿರ್ದೇಶಕರಷ್ಟೇ ಅಧಿಕಾರ ಇರುವ ಇನ್ನೊಬ್ಬರು ಇರುತ್ತಾರೆ. ಅವರ ಕೆಲಸ ಲೋಡ್ ಲೆಕ್ಕ ಹಾಕುವುದು, ಬಾಗಿಲು ನೋಡುವುದು, ಬೇಡ ಅನಿಸಿದರೆ ನಿಲ್ಲಿಸುವುದು. ನಿಲ್ಲಿಸಿದರೆ ಯಾರೂ ಕಾರಣ ಕೇಳಿ ಜಗಳ ಆಡುವ ಹಾಗಿಲ್ಲ, ಮೊದಲು ನಿಲ್ಲಿಸಿ ಆಮೇಲೆ ಮಾತು. ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿಯ ಬಯಲುರಂಗಮಂದಿರ ಹತ್ತುವ ಬೇರೆ ಕಾಲೇಜಿನ ಗೆಳೆಯರೂ ಇದನ್ನು ಪಾಲಿಸಿದರೆ ಖುಷಿ.

ದೊಡ್ಡವರಿಗೂ ಒಂದು ಮಾತು ಇದೆ. ಮೈಸೂರಿನಲ್ಲಿ 150 ಎಕರೆಯಲ್ಲಿ ಚಿತ್ರನಗರಿ ಕಟ್ಟುವುದಾಗಿ 2025ರ ರಾಜ್ಯ ಬಜೆಟ್‌ನಲ್ಲಿ ಸರ್ಕಾರ ಹೇಳಿದೆ. ಒಳ್ಳೆಯದು, ನಮ್ಮೂರಿಗೆ ಸಿನಿಮಾ ವಾಪಸ್ ಬರಲಿ, ನಮ್ಮಲ್ಲೂ ಕೆಲವರಿಗೆ ಕೆಲಸ ಸಿಗಲಿ. ಆದರೆ ಆ ನಗರಿಯ ಹೆಬ್ಬಾಗಿಲಿನಲ್ಲಿ ನಟರ ಪ್ರತಿಮೆ ನಿಲ್ಲಿಸುವ ಮುಂಚೆ ಒಂದು ಕಲ್ಲು ನಿಲ್ಲಿಸಿ. ಅದರ ಮೇಲೆ 1989ರ ಫೆಬ್ರವರಿ 8 ಅಂತ ಬರೆಸಿ, ಕೆಳಗೆ 62 ಹೆಸರು ಬರೆಸಿ. ಸಂಜಯ್ ಖಾನ್ ಅವರ 13 ತಿಂಗಳ ನೋವು ಎಲ್ಲ ಕಡೆ ದಾಖಲಾಗಿದೆ, ಆಗಬೇಕಾದ್ದೇ. ಆದರೆ ಆ 62 ಜನ ನಮ್ಮ ನೆನಪಿನಲ್ಲಿ ಬರೀ ಒಂದು ಸಂಖ್ಯೆ. ಸಿನಿಮಾ ಮುಗಿದಾಗ ಪರದೆಯ ಮೇಲೆ ಓಡುವ ಹೆಸರುಗಳನ್ನು ನಾವು ಯಾರೂ ಕೂತು ಓದಲ್ಲ, ಎದ್ದು ಬಾಗಿಲ ಕಡೆ ಹೊರಡುತ್ತೇವೆ. ಈ ಹೆಸರುಗಳನ್ನಾದರೂ ನಿಂತು ಓದುವ ಹಾಗಿರಲಿ.

ಬರುವ ಫೆಬ್ರವರಿ 8ಕ್ಕೆ ನಮ್ಮ 'ಶನಿವಾರದ ಸಿನಿಮಾ' ಯಾವ ವಾರ ಬಂದರೂ ಸರಿ, ಅವತ್ತೇ ಇರುತ್ತದೆ. ಪ್ರೀಮಿಯರ್ ಸ್ಟುಡಿಯೋದಲ್ಲಿ ತೆಗೆದ ಒಂದು ಹಳೆಯ ಕನ್ನಡ ಸಿನಿಮಾ ಹಾಕುತ್ತೇವೆ. ಪಡುವಾರಹಳ್ಳಿಯ ಅಜ್ಜಿ ಬರುತ್ತೇನೆ ಅಂದಿದ್ದಾರೆ. ನೀವೂ ಬನ್ನಿ. ಎರಡೂ ಬಾಗಿಲು ತೆರೆದಿರುತ್ತವೆ.